ಬೆಣ್ಣೆಯಂಥ ಸವಾರಿ

ಕದಿಯಬೇಕೆಂದು ಡ್ರೈವರಮ್ಮ ತೀರ್ಮಾನಿಸಿದ್ದು ಊಟದ ಮೇಜಿನ ಸುತ್ತ ಕೇಳಿಬಂದ ಒಂದು ಮಾತಿನಿಂದ. ಅದೂ ಅವಳದೇ ಮಾತು.

ಅಮ್ಮಾವ್ರು ಹೊಸ ಕಾರು ಕೊಳ್ಳಲು ಹೊರಟಾಗ ಶೋರೂಮಿನವರು ಒಂದೇ ಬಣ್ಣದ, ಒಂದೇ ಮುಖದ ಎರಡು ಕಾರು ಕಳಿಸಿದ್ದರು. ಒಂದಕ್ಕೆ ಹಳೆಯ ಪದ್ಧತಿಯ ಬಿಗಿ ಸ್ಪೋರ್ಟ್ ಸಸ್ಪೆನ್ಷನ್. ಇನ್ನೊಂದಕ್ಕೆ ಅಡಾಪ್ಟಿವ್ ಸಸ್ಪೆನ್ಷನ್. ಅದು ರಸ್ತೆಯನ್ನು ತಾನೇ ಓದಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗಬೇಕೋ ಮೆತ್ತಗಾಗಬೇಕೋ ಎಂದು ನಿರ್ಧರಿಸುತ್ತಿತ್ತು. ಎರಡನ್ನೂ ಊರೆಲ್ಲ ಓಡಿಸಿ ನೋಡಿದವಳು ಡ್ರೈವರಮ್ಮ. ಗ್ಯಾರೇಜಿನಲ್ಲಿ ಅಮ್ಮಾವ್ರ ಅಳಿಯ ಬಂದು, ಹೇಗಿದೆ ಎಂದು ಕೇಳಿದಾಗ ಅವಳು ಹೇಳಿದ್ದಳು: "ಬಿಗಿಯಾಗಿರೋದು ರಸ್ತೆ ಮೇಲೆ ಚಾಡಿ ಹೇಳುತ್ತೆ ಸರ್. ಒಂದು ಕಲ್ಲನ್ನೂ ಬಿಡಲ್ಲ. ಇದು ಗುಟ್ಟು ಕಾಪಾಡುತ್ತೆ. ಓಡಿಸೋರಿಗೆ ಅದು, ಕೂರೋರಿಗೆ ಇದು."

ಅಂದು ಊಟಕ್ಕೆ ಬಂದ ನೆಂಟರಿಗೆ ಅಳಿಯ ಅದೇ ಮಾತನ್ನು, ಚಾಡಿ, ಗುಟ್ಟು, ಕಲ್ಲು ಸಮೇತ, ತನ್ನದೆಂಬಂತೆ ಬಡಿಸಿದ. ಎಲ್ಲರೂ ತಲೆದೂಗಿದರು. ಕೀ ಕೊಡಲು ಬಾಗಿಲಲ್ಲಿ ನಿಂತಿದ್ದ ಡ್ರೈವರಮ್ಮನ ಕಡೆ ತಿರುಗಿ ಅಮ್ಮಾವ್ರು, "ಕೇಳಿಸ್ಕೊಂಡ್ಯಾ? ಇಷ್ಟು ವರ್ಷದಿಂದ ಓಡಿಸ್ತೀಯ, ಸ್ವಲ್ಪ ಕಲ್ತುಕೋ" ಎಂದರು.

ಹಿಂಡಿದರೆ ರಸ ಬರುವಷ್ಟು ಸಿಟ್ಟು ಬಂತು. ಮನೆಗೆ ಹೋಗುವಷ್ಟರಲ್ಲಿ ಆ ಸಿಟ್ಟೇ ಕಚಗುಳಿಯಾಗಿ ಬದಲಾಯಿತು. ತನ್ನದನ್ನು ಅವರು ಕದ್ದಿದ್ದಾರೆ. ಅವರದೊಂದನ್ನು ತಾನು ಕದ್ದರಾಯಿತು!

ಕದಿಯುವುದೇನೆಂದು ಹುಡುಕಬೇಕಾಗಿರಲಿಲ್ಲ. ಅಮ್ಮಾವ್ರಿಗೆ ಗಾಜಿನ ಹುಚ್ಚು. ಅವರ ಸಂಗ್ರಹದಲ್ಲೆಲ್ಲ ದೊಡ್ಡ ಹೆಸರಿನದು ಒಂದು ಹೂದಾನಿ: ಮೊಣಕಾಲೆತ್ತರ, ಈರುಳ್ಳಿ ಸಿಪ್ಪೆಯಷ್ಟು ತೆಳು, ಜೋರಾಗಿ ಸೀನಿದರೂ ಒಡೆದೀತೆಂಬ ಹಾಗಿನದು. ಅದೀಗ ಬೆಟ್ಟದ ಮೇಲಿನ ಕಲಾಭವನದಲ್ಲಿ ಪ್ರದರ್ಶನಕ್ಕಿತ್ತು. ಅಮ್ಮಾವ್ರು ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಅಳಿಯ ತನ್ನ ಬಿಗಿ ಕಾರು ಹತ್ತಿ ಗೆಳೆಯರ ಜೊತೆ ಊರು ಬಿಟ್ಟಿದ್ದ. ಎರಡು ಕಾರೂ ಕೊಂಡಿದ್ದರು, ಆಯ್ಕೆ ಮಾಡುವ ಕಷ್ಟ ಅವರಿಗೇಕೆ! ದೂರದ ಊರಿನ ಗಾಜಿನ ವ್ಯಾಪಾರಿಯೊಬ್ಬ, ಎಲ್ಲಿಂದ ಬಂತೆಂದು ಕೇಳದೆ ಹೂದಾನಿ ಕೊಳ್ಳಲು ಒಪ್ಪಿದ್ದ. ಆ ದುಡ್ಡಿನಲ್ಲಿ ಹೆಂಗಸರಿಗಾಗಿ ಡ್ರೈವಿಂಗ್ ಸ್ಕೂಲು, ಬೋರ್ಡಿನ ಮೇಲೆ ತನ್ನ ಹೆಸರು. ಸಿಕ್ಕಿಬಿದ್ದರೆ ಜೈಲು, ತನಗಷ್ಟೇ ಅಲ್ಲ, ಜೊತೆಗೆ ಬರಲಿದ್ದ, ತಾನೇ ಎತ್ತಿ ಬೆಳೆಸಿದ ತಮ್ಮನಿಗೂ. ಅದಕ್ಕೇ ಅವಳು ಪ್ರತಿಯೊಂದನ್ನೂ ಎರಡೆರಡು ಸಲ ಯೋಚಿಸಿದಳು.

ಕಲಾಭವನದವರು ಅಮ್ಮಾವ್ರನ್ನು ಕಂಡವರಲ್ಲ. ಫೋನಿನಲ್ಲಿ ದನಿ ಕೇಳಿದವರು. ಆ ದನಿ ಡ್ರೈವರಮ್ಮನಿಗೆ ಬಾಯಿಪಾಠವಾಗಿತ್ತು. ಮಾತನ್ನು ಅರ್ಧಕ್ಕೇ ಬಿಡುವುದು, ಉಳಿದರ್ಧ ಎದುರಿನವರ ಕೆಲಸ ಎಂಬಂತೆ ಕಾಯುವುದು. "ಹೂದಾನಿ ತಗೊಂಡು ಹೋಗೋಕೆ ನಾನೇ ಬರ್ತೀನಿ. ಪೆಟ್ಟಿಗೆ ಗಿಟ್ಟಿಗೆ ಏನೂ..." ಎಂದು ಫೋನಿನಲ್ಲಿ ಅರ್ಧಕ್ಕೆ ನಿಲ್ಲಿಸಿದಳು. "ಬೇಡ ಅಂತೀರಾ ಅಮ್ಮಾವ್ರೇ?" ಎಂದಿತು ಅತ್ತಲಿಂದ. ಬೇಡವೇ ಬೇಡ. ಗಾಜನ್ನು ಪೆಟ್ಟಿಗೆಗೆ ತುಂಬಿ ಸಾಗಿಸುವ ಕಂಪನಿಯವರಿಗೆ ಅಮ್ಮಾವ್ರ ಮುಖ ಗೊತ್ತಿತ್ತು. ಹೂದಾನಿ ಮಡಿಲಲ್ಲೇ ಬರಬೇಕು.

ಮಡಿಲಲ್ಲಿ ಬರಬೇಕೆಂದರೆ ಮೆತ್ತನೆಯ ಕಾರೇ ಆಗಬೇಕು. ಅವಳು ಊಹೆಯನ್ನು ನಂಬುವವಳಲ್ಲ. ಅಳಿಯ ಹೊರಡುವ ಮೊದಲೇ, ತೊಳೆಸುವ ನೆಪದಲ್ಲಿ ಅವನ ಕಾರನ್ನು ಬೆಟ್ಟದ ರಸ್ತೆಗೆ ಒಯ್ದು, ಹಿಂದಿನ ಸೀಟಿನ ಮೇಲೆ ಒಂದು ತಟ್ಟೆ ಹಸಿ ಮೊಟ್ಟೆ ಇಟ್ಟು ಓಡಿಸಿದ್ದಳು. ಮೊದಲ ಉಬ್ಬಿಗೇ ಸೀಟೆಲ್ಲ ಹಳದಿ. ನಿಜವಾಗಿಯೂ ತೊಳೆಸಬೇಕಾಯಿತು. ಆಮೇಲೆ ಅಮ್ಮಾವ್ರ ಕಾರು, ಅದೇ ರಸ್ತೆ, ಅದೇ ತಿರುವುಗಳು, ಕಂಫರ್ಟ್ ಮೋಡ್. ಕೆಳಗಿಳಿದು ನೋಡಿದರೆ ಒಂದು ಮೊಟ್ಟೆಯೂ ಮಿಸುಕಿರಲಿಲ್ಲ. ಬೆಣ್ಣೆಯ ಮೇಲೆ ಜಾರಿದ ಹಾಗೆ! ರಸ್ತೆ ಬದಿಯಲ್ಲಿ ನಿಂತು ಅವಳು ಒಬ್ಬಳೇ ಕುಣಿದಳು.

ಓಡಿಸುವುದಕ್ಕೆ ತಮ್ಮ. ತರಕಾರಿ ವ್ಯಾನ್ ಓಡಿಸುವವನು, ಮನೆಯಲ್ಲಿ ಎಲ್ಲರೂ ಅವನನ್ನು ಗುಂಡ ಎನ್ನುತ್ತಿದ್ದರು.

"ಅಕ್ಕಾ, ನಿನ್ನನ್ನ ಅಮ್ಮಾವ್ರೇ ಅಂತ ಕರೆಯೋಕೆ ಹೋದ್ರೆ ನಗು ತಡ್ಕೊಳಕ್ಕಾಗ್ತಿಲ್ಲ ಕಣೇ."

"ನುಂಗ್ಕೋ. ಡ್ರೈವರ್‌ಗಳು ನಗಲ್ಲ."

"ನೀನು ಇಷ್ಟು ವರ್ಷ ನಕ್ಕೇ ಇಲ್ವಾ?"

"ನಗದೇ ಏನು? ನಾನು ನಗೋದು ಅವರಿಗೆ ಕಾಣ್ತಿರಲಿಲ್ಲ, ಅಷ್ಟೇ. ಸೀಟ್ ಸರಿಯಾಗಿ ಹಾಕ್ಕೋ. ಹೊಟ್ಟೆ ಹಾರ್ನ್ ಒತ್ತುತ್ತಿದೆ."

ಹೂದಾನಿ ತರುವ ದಿನ ಅಮ್ಮಾವ್ರ ಶಾಲು, ಅಮ್ಮಾವ್ರ ಕನ್ನಡಕ, ಅಮ್ಮಾವ್ರ ಮೌನ ಹೊದ್ದುಕೊಂಡು ಅವಳು ಬೆಟ್ಟದ ಬುಡದವರೆಗೆ ತಾನೇ ಓಡಿಸಿಕೊಂಡು ಹೋದಳು. ಗುಂಡನ ಕೈಗೆ ಊರೊಳಗಿನ ದಟ್ಟಣೆಯಲ್ಲಿ ಆ ಕಾರು ಕೊಡುವ ಧೈರ್ಯ ಅವಳಿಗಿರಲಿಲ್ಲ. ಅಲ್ಲಿಂದ ಭವನದ ಗೇಟಿಗೆ ನೇರ ಏರು, ಒಂದು ತಿರುವೂ ಇಲ್ಲದ ಎರಡು ನಿಮಿಷದ ದಾರಿ. ಅಷ್ಟಕ್ಕೆ ಗುಂಡ ಮುಂದೆ, ಅವಳು ಹಿಂದೆ. ಗೇಟಿನವನು ಕಾರಿಗೇ ಸಲಾಮು ಹೊಡೆದ. ಒಳಗಿದ್ದವರ ಮುಖ ನೋಡುವ ಗೋಜಿಗೆ ಹೋಗಲಿಲ್ಲ. ಮೇಲ್ವಿಚಾರಕರು, ನೆರೆತ ಮೀಸೆಯ ಅತಿ ವಿನಯದ ಮನುಷ್ಯ, ಹೂದಾನಿಯನ್ನು ಹಸುಗೂಸಿನಂತೆ ಎತ್ತಿ ತಂದು ಅವಳ ಮಡಿಲಲ್ಲಿಟ್ಟರು. ಅದನ್ನು ಮನೆಯ ಗೇಟಿನವರೆಗೆ ತಲುಪಿಸಿ ಬರುವುದು ಅವರ ನಿಯಮ. ಅದೂ ಅವಳ ಲೆಕ್ಕದಲ್ಲಿತ್ತು. ಇಳಿಯುವ ಗಾಡಿಗಳಿಗೆಂದೇ ಇರುವ ಬೆಟ್ಟದ ಹಿಂಬದಿಯ ರಸ್ತೆಯಲ್ಲಿ ಇಳಿದು, ಮನೆಯ ಗೇಟಿನಲ್ಲಿ ಅವರನ್ನು ಇಳಿಸಿ ಕೈಮುಗಿದು, ಅವರು ಮರೆಯಾದ ಮೇಲೆ ವ್ಯಾಪಾರಿಯ ಊರಿನ ದಾರಿ.

"ಹೊರಡೋಣವೇ ಅಮ್ಮಾವ್ರೇ?" ಪಕ್ಕದಲ್ಲಿ ಕೂತು ಮೇಲ್ವಿಚಾರಕರು ಕೇಳಿದರು. "ತಮ್ಮ ಕಾರು ಕಾರಲ್ಲ, ತೊಟ್ಟಿಲು!"

"ಸಸ್ಪೆನ್ಷನ್ನು..." ಎಂದು ಡ್ರೈವರಮ್ಮ ಅರ್ಧಕ್ಕೇ ಬಿಟ್ಟಳು. ಉಬ್ಬುಗಳು ಬಂದವು, ಹೋದವು. ಹೂದಾನಿಗೆ ಸುದ್ದಿಯೇ ಮುಟ್ಟಲಿಲ್ಲ. ಗುಂಡನ ಕಿವಿ ಮಾತ್ರ ನಗು ನುಂಗಿ ಕೆಂಪಾಗಿತ್ತು. ಅವಳಿಗೋ ಸಂತೋಷದಿಂದ ಹಾಡಿಬಿಡಬೇಕೆನಿಸಿತು. ಬಾಯಿ ತೆರೆಯಲು ಹೋದವಳು ಗಕ್ಕನೆ ಮುಚ್ಚಿಕೊಂಡಳು.

ಎರಡನೆಯ ತಿರುವಿಗೆ ಕಾರು ದೋಣಿಯಂತೆ ಒಂದು ಮಗ್ಗುಲಿಗೆ ತೇಲಿತು, ಮೂರನೆಯದಕ್ಕೆ ಇನ್ನೊಂದು ಮಗ್ಗುಲಿಗೆ, ಮತ್ತು ಅವಳ ಹೊಟ್ಟೆಯೊಳಗಿನದೆಲ್ಲ ಅದರ ಜೊತೆಗೆ ತೇಲಿತು. ಬೆವರು ಕಿತ್ತುಬಂತು, ಕನ್ನಡಕ ಮಂಜಾಯಿತು, ಬಾಯಲ್ಲಿ ನೀರೂರಿತು. ಬಗ್ಗಿದರೆ ಎದುರಿಗಿರುವ ಪಾತ್ರೆ ಒಂದೇ, ಅದು ಹೂದಾನಿ! "ನಿಲ್ಸೋ ಗುಂಡ, ನಿನ್ನ ಮುಖಕ್ಕಿಷ್ಟು!" ಎಂದು ಕಿರುಚಿ, ಹೂದಾನಿಯನ್ನು ಮೇಲ್ವಿಚಾರಕರ ಮಡಿಲಿಗೆ ದಾಟಿಸಿ, ಹೊರಗೆ ಹಾರಿ, ತಮ್ಮನನ್ನು ಪಕ್ಕಕ್ಕೆ ನೂಕಿ, ಇಡೀ ಜಗತ್ತಿನಲ್ಲಿ ತನ್ನ ಹೊಟ್ಟೆ ಒಪ್ಪುವ ಒಂದೇ ಒಂದು ಜಾಗದಲ್ಲಿ ಕೂತು ಸ್ಟೇರಿಂಗ್ ಹಿಡಿದಳು. ನಿಮಿಷದಲ್ಲಿ ಉಸಿರು ತಿಳಿಯಾಯಿತು. ಮೊಟ್ಟೆಗಳನ್ನು ಹಿಂದೆ ಕೂರಿಸಿ ನೋಡಿದ್ದಳು, ತನ್ನನ್ನು ನೋಡಿರಲಿಲ್ಲ. ಡ್ರೈವರ್ ಕೆಲಸಕ್ಕೆ ಸೇರಿದ ಮೇಲೆ ಈವರೆಗೆ ಅವಳು ಒಮ್ಮೆಯೂ ಹಿಂದಿನ ಸೀಟಿನಲ್ಲಿ ಕೂತು ತಿರುವು ದಾಟಿದವಳಲ್ಲ. ಹಾಯೆನಿಸಿದ ಆ ಗಳಿಗೆಯಲ್ಲಿ ಕೈ ತಾನೇ ಹೋಗಿ ಕನ್ನಡಿ ಸರಿಪಡಿಸಿತು, ಬೆಲ್ಟು ಹಾಕಿತು, ಬಾಯಿ ತಾನೇ ವಿನಯದಿಂದ ಕೇಳಿಬಿಟ್ಟಿತು: "ಎಲ್ಲಿಗೆ ಸರ್?" ಕನ್ನಡಿಯೊಳಗೆ ಮೇಲ್ವಿಚಾರಕರು ಅವಳನ್ನು, ಗುಂಡನನ್ನು, ಮತ್ತೆ ಅವಳನ್ನು ನೋಡಿದರು, ಹೂದಾನಿಯನ್ನು ಎದೆಗೆ ಅವಚಿಕೊಂಡರು. "ಪೊಲೀಸ್ ಸ್ಟೇಷನ್ನಿಗೆ ಬಿಡಮ್ಮ," ಎಂದರು, "ಮೆತ್ತಗೆ."