ಮಡಚಿದ ಕೈಗೊಂದು ಬಟ್ಟಲು

ಆ ಬಟ್ಟಲೂ ವಾಪಸ್ ಬಂತು.

"ಇದರಲ್ಲೇನು ಐಬು?" ಮಣ್ಣು ಮೆತ್ತಿದ ಕೈಗಳನ್ನು ಸೊಂಟದ ಮೇಲಿಟ್ಟು ಕೇಳಿದಳು ಕುಂಬಾರಿಕೆಯವಳು.

ಗಡಿಯಾರ ರಿಪೇರಿಯವನು ತಲೆ ಕೆರೆದುಕೊಂಡ. "ಬಟ್ಟಲು ಚೆನ್ನಾಗೇ ಇದೆ. ಅಪ್ಪನಿಗೆ ಒಗ್ತಿಲ್ಲ. ಲಕ್ವ ಹೊಡೆದು ಬಲಗೈ ಹೋಯ್ತಲ್ಲ, ಎಡಗೈಲಿ ಶೇವಿಂಗ್ ಬ್ರಶ್ ತಿರುಗಿಸಿದ್ರೆ ಬಟ್ಟಲೂ ಜೊತೆಗೇ ಗಿರಗಿರ ಅನ್ನುತ್ತೆ. ಸೋಪು ನೋಡಿದ್ರೆ ಕರಗಿ ಅಂಟಾಗಿದೆ."

"ಸೋಪು ಇಡೋದೂ ಇದರಲ್ಲೇ, ನೊರೆ ಮಾಡೋದೂ ಇದರಲ್ಲೇನಾ?"

"ಒಂದು ಸಾಲಲ್ವಾ?"

"ಅಯ್ಯೋ ರಾಮ! ಸೋಪಿಗೆ ಮುಚ್ಚಳದ ಪುಟ್ಟ ಬಟ್ಟಲು, ನೀರಿಳಿಯೋಕೆ ತಳದಲ್ಲಿ ತೂತು. ನೊರೆಗೆ ಅಗಲವಾದದ್ದು, ಒಳಗೆ ಗೀರು ಇರೋದು. ಮೊದಲೇ ಬಾಯಿ ಬಿಟ್ಟು ಹೇಳಬಾರದಾ?"

ಅವನು ನಕ್ಕ. ಅವನ ಕಣ್ಣು ಅವಳ ಕೆನ್ನೆಗೆ ಸಿಡಿದ ಮಣ್ಣಿನ ಮೇಲೆ ನಿಂತಿತು. ಅವಳಿಗದು ಗೊತ್ತಾಯಿತು. ಗೊತ್ತಾದರೂ ಒರೆಸಿಕೊಳ್ಳಲಿಲ್ಲ.

"ನೀವೇ ಶೇವ್ ಮಾಡಿಬಿಡಿ," ಅಂದಳು ಮೆತ್ತಗೆ.

"ಮುಖ ತಿರುಗಿಸ್ತಾರೆ. ತಾನೇ ಮಾಡ್ಕೋಬೇಕು, ಇಲ್ಲಾಂದ್ರೆ ಬೇಡವೇ ಬೇಡ ಅಂತ ಹಟ. ಮನೆಯಿಂದ ಹೊರಗೆ ಬರೋದನ್ನೇ ಬಿಟ್ಟಿದ್ದಾರೆ."

ಬಳಸುವವರ ಕೈಯಲ್ಲಿ ಹಸಿ ಮಣ್ಣು ಒತ್ತಿಸಿ ಹಿಡಿತದ ಅಚ್ಚು ತೆಗೆಯದೆ ಹೊಸ ಅಳತೆಯ ಬಟ್ಟಲು ತಿರುಗಿಸುವ ಪದ್ಧತಿ ಅವಳದಲ್ಲ. ಮಣ್ಣಿನ ಉಂಡೆ ಕಟ್ಟಿಕೊಂಡು ಅವನ ಹಿಂದೆಯೇ ಹೊರಟಳು.

ಮನೆಯಲ್ಲಿ ಅವನ ತಂದೆ ಎಡಗೈ ಚಾಚಿದರು.

"ಇನ್ನೊಂದು?"

"ಅದು ಕೈಯಲ್ಲ ಮಗಳೇ, ಕೊರಡು."

ಅವಳು ಬಿಡಲಿಲ್ಲ. ಶಾಲಿನೊಳಗಿಂದ ಬಲಗೈಯನ್ನು ಮೆಲ್ಲನೆ ಹೊರತೆಗೆದಳು. ಬೆರಳುಗಳು ಒಳಕ್ಕೆ ಮಡಚಿ ಬಿಗಿದುಕೊಂಡಿದ್ದವು, ಬಿಡಿಸಿದರೂ ಬಿಚ್ಚುತ್ತಿರಲಿಲ್ಲ. ಒಳಗೆ ಮಾತ್ರ ದುಂಡಗೆ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ಎಲ್ಲರೂ ಸತ್ತಿದೆ ಅಂದುಕೊಂಡ ಕೈ!

"ಇದು ಸತ್ತಿಲ್ಲ ಅಪ್ಪಾಜಿ, ಹಿಡಿಯೋಕೆ ಏನಾದ್ರೂ ಕೊಡಿ ಅಂತ ಕಾಯ್ತಿದೆ," ಎಂದು ಆ ಜಾಗಕ್ಕೆ ಮಣ್ಣು ಒತ್ತಿದಳು.

ಮರಳಿ ಬಂದು ಚಕ್ರದ ಮುಂದೆ ಕೂತಾಗ ಅವಳಿಗೆ ಹೊಳೆಯಿತು. ಈ ಬಟ್ಟಲು ಸರಿಹೋದರೆ ಅವನು ಮತ್ತೆ ಯಾಕೆ ಬರುತ್ತಾನೆ? ಹೆಬ್ಬೆರಳು ಕೂದಲೆಳೆಯಷ್ಟು ಜಾರಿದರೆ ಸಾಕು, ಇನ್ನೊಮ್ಮೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೆ. ಅವನು ಅವಳಿಗೆ ಅಷ್ಟು ಇಷ್ಟವಾಗಿಬಿಟ್ಟಿದ್ದ. ಆದರೂ ಹೆಬ್ಬೆರಳು ಜಾರಲಿಲ್ಲ. ಕಣ್ಣೊರೆಸಿಕೊಂಡು, ಆ ಬಲಗೈ ಅಚ್ಚಿನ ಅಳತೆಗೆ ಸರಿಯಾಗಿ ಬಟ್ಟಲಿನ ತಳಕ್ಕೆ ಪಾದ ಕೂರಿಸಿದಳು.

ಸುಟ್ಟು ತಂದ ದಿನ, ಸೋಪಿನ ಪುಟ್ಟ ಬಟ್ಟಲನ್ನು ಪಕ್ಕಕ್ಕಿಟ್ಟಳು; ನೊರೆ ಬಟ್ಟಲಿನ ಪಾದ ಆ ಮಡಚಿದ ಬೆರಳುಗಳೊಳಗೆ ಹೋಗಿ ಕೂತಿತು. ಅಲುಗಾಡಲಿಲ್ಲ. ಎಡಗೈ ಬ್ರಶ್ ಹಿಡಿದು ತಿರುಗಿಸಿತು. ಮೊದಲು ಬರೀ ಗುಳ್ಳೆ. ಆಮೇಲೆ ಒಳಗಿನ ಗೀರುಗಳಿಗೆ ಉಜ್ಜುತ್ತ ಉಜ್ಜುತ್ತ ಬಿಳಿ ನೊರೆ ಎದ್ದಿತು, ದಪ್ಪಗಾಯಿತು, ಅಂಚು ದಾಟಿ ಆ ಕೊರಡು ಬೆರಳುಗಳ ಮೇಲೆಲ್ಲ ಇಳಿಯಿತು. ಮೂವರೂ ಅದನ್ನೇ ನೋಡಿದರು. ಬರೀ ಸೋಪು, ಬರೀ ನೀರು. ಆದರೂ ಅಂಥದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಕನ್ನಡಿ ತಾರೋ," ಅಂದರು ತಂದೆ. ಮುಖದ ತುಂಬ ತಾವೇ ನೊರೆ ಬಳಿದುಕೊಂಡರು.

ಅವಳು ಚೀಲ ಎತ್ತಿಕೊಂಡಳು. "ಇನ್ನು ವಾಪಸ್ ತರೋ ಕೆಲಸ ತಪ್ಪಿತು ನಿಮಗೆ."

"ಅದೇ ಈಗ ಚಿಂತೆ..." ಅವನು ತಡವರಿಸಿದ. "ಅಂದ್ರೆ... ಬಟ್ಟಲು ಅಂತಲ್ಲ..."

ತಂದೆ ರೇಜರ್ ಹಿಡಿದು ತಿರುಗಿದರು. "ಬೇಗ ಹೇಳಿ ಮುಗಿಸೋ ಮಾರಾಯ! ನೊರೆ ಒಣಗ್ತಿದೆ."

"ಸುಮ್ಮನೆ ಬರಬೇಕು ಅನ್ಸುತ್ತೆ," ಅಂದ ಅವನು ಒಂದೇ ಉಸಿರಿಗೆ. "ನಿಮ್ಮ ಹತ್ರ. ದಿನಾ. ಬದುಕಿರೋವರೆಗೂ."

ಅವಳು ಚೀಲ ಕೆಳಗಿಟ್ಟಳು. "ಬನ್ನಿ."

"ಸದ್ಯ," ಎಂದು ತಂದೆ ಕನ್ನಡಿಯತ್ತ ತಿರುಗಿ ಕೆನ್ನೆಗೆ ರೇಜರ್ ಇಟ್ಟರು.