ಇಂಜಿನ್ನಿಗೆ ಬಿದ್ದ ಹುಕ್ಕುಗಳು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಜಗಳವಾಡುತ್ತಲೇ ಠಾಣೆಯ ಮೆಟ್ಟಿಲು ಹತ್ತಿದರು. ಒಬ್ಬ ಮಣ್ಣುಹಾದಿಯ ಬೈಕ್ ರೇಸುಗಾರ. ಹಿಂದಿನ ರೇಸಿನಲ್ಲಿ ಮುರಿದುಕೊಂಡ ಭುಜದ ಮೂಳೆ ಇನ್ನೂ ಪೂರ್ತಿ ಕೂಡಿರಲಿಲ್ಲ. ಇನ್ನೊಬ್ಬ ಅವನ ಮೆಕ್ಯಾನಿಕ್.

“ಇವನು ನನ್ನ ಇಂಜಿನ್ ಒಳಗೆ ಏನೇನೋ ಬಿಟ್ಟು ಮುಚ್ಚಿದಾನೆ ಸಾರ್. ನಾಡಿದ್ದು ರೇಸಿದೆ,” ಎಂದ ರೇಸುಗಾರ.

“ಕಿಕ್ ಹೊಡೆದ್ರೆ ಕರಕರ ಅಂತು, ಬಿಚ್ಚಿ ನೋಡ್ದೆ. ಇಂಜಿನ್ನಿಂದು ಒಂದು ಸ್ಕ್ರೂನೂ ಕಮ್ಮಿ ಇಲ್ಲ, ಐದು ಸಾಮಾನು ಜಾಸ್ತಿ ಇದೆ. ಹೆಚ್ಚಿಗೆ ಸಾಮಾನು ಹಾಕಿ ಕೊಡೋನಾಗಿದ್ರೆ ನಾನು ಯಾವತ್ತೋ ಅಂಗಡಿ ಮುಚ್ತಿದ್ದೆ,” ಎಂದ ಮೆಕ್ಯಾನಿಕ್.

ಸಾಮಾನು ಕಳೆದುಹೋಗಿದೆ ಎಂಬ ದೂರು ಆ ಠಾಣೆಗೆ ದಿನಾ ಬರುತ್ತಿತ್ತು. ಹೆಚ್ಚಾಗಿದೆ ಎಂಬ ದೂರು ಇದೇ ಮೊದಲು. ಎಫ್‌ಐಆರ್ ಬರೆಯಬೇಕಾದ ಪೇದೆ ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯದೆ ತಲೆ ಕೆರೆದುಕೊಂಡ.

“ರಾತ್ರಿ ಬೈಕ್ ಎಲ್ಲಿತ್ತು?” ಇನ್‌ಸ್ಪೆಕ್ಟರ್ ಕೇಳಿದರು.

“ಮನೆ ಶೆಡ್ಡಲ್ಲಿ. ಬೀಗ ಹಾಕಿತ್ತು.”

“ಮನೇಲಿ ಯಾರ್ಯಾರು?”

“ನಾನು, ಅಕ್ಕ. ಇಬ್ರೇ.”

ಪಂಚನಾಮೆ ಮೆಕ್ಯಾನಿಕ್ಕಿನ ಅಂಗಡಿಯಲ್ಲೇ ನಡೆಯಿತು. ಎಣ್ಣೆ ಒರೆಸಿದ ಮೇಲೆ ಐದು ಚಪ್ಪಟೆ ಹುಕ್ಕುಗಳು ಹೊಳೆದವು. ಅವುಗಳ ತೂತಿನಲ್ಲಿ ದಾರದ ತುಣುಕು. ಎಣ್ಣೆ ಹಾಕುವ ಕಿಂಡಿಯ ಮುಚ್ಚಳಕ್ಕೂ ಅದೇ ದಾರದ ತುದಿ ಬಿಗಿಯಾಗಿ ಸುತ್ತಿಕೊಂಡಿತ್ತು. ಕಿಕ್ ಹೊಡೆದಾಗ ಒಳಗಿನ ಹಲ್ಲುಚಕ್ರ ಅದನ್ನು ಕತ್ತರಿಸಿತ್ತು. ದಾರದ ಬಣ್ಣ ಖಾಕಿ.

ಪೇದೆ ಇನ್‌ಸ್ಪೆಕ್ಟರರ ಸೊಂಟವನ್ನೇ ನೋಡತೊಡಗಿದ.

“ಏನ್ರೀ?”

“ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ಹೊಟ್ಟೆ ಹಿಡಿದಿರೋದೂ ಇದೇ ಹುಕ್ಕು.”

ತನಿಖೆಗೆ ನಾಚಿಕೆಯಿಲ್ಲ. ಇನ್‌ಸ್ಪೆಕ್ಟರ್ ಬೆಲ್ಟು ಸಡಿಲಿಸಿ, ಹುಕ್ಕನ್ನು ಕಿತ್ತು ಹೋಲಿಸಿ ನೋಡಿದರು. ಅದೇ ಹುಕ್ಕು, ಅದೇ ದಾರ, ಅದೇ ಜೋಡಿ ಗಂಟು. ಉಳಿದ ಪಂಚನಾಮೆಯನ್ನು ಅವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಮುಗಿಸಿದರು.

ಇಡೀ ಠಾಣೆಗೆ ಸಮವಸ್ತ್ರ ಹೊಲಿಯುವವಳು ಒಬ್ಬಳೇ, ಟೈಲರಕ್ಕ. ಅವಳು ಯಾರ ಅಕ್ಕ ಎಂದು ಠಾಣೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಜೀಪು ಅವಳ ಮನೆ ಮುಂದೆ ನಿಂತಾಗ ಹಿಂದೆ ಮೆಕ್ಯಾನಿಕ್ಕಿನ ಜೊತೆ ಕೂತಿದ್ದ ರೇಸುಗಾರ, “ಇದು ನಮ್ಮನೆ ಸಾರ್,” ಎಂದ.

ಟೈಲರಕ್ಕ ಮಿಷನ್ನಿನಿಂದ ಏಳಲಿಲ್ಲ. “ಸೊಂಟ ಮತ್ತೆ ಬಿಗಿಯಾಯ್ತಾ ಸಾರ್?”

ಇನ್‌ಸ್ಪೆಕ್ಟರ್ ಹುಕ್ಕುಗಳನ್ನು ಮೇಜಿನ ಮೇಲಿಟ್ಟರು. “ಇವು ನಿಮ್ಮವಾ?”

ಅವಳು ಒಂದೊಂದನ್ನೂ ತಿರುಗಿಸಿ ನೋಡಿದಳು. “ನಮ್ಮವೇ. ದಾರ ಯಾಕೆ ಕಿತ್ತೋಯ್ತು?”

“ಬೈಕಿಗೆ ಯಾಕೆ ಹಾಕಿದ್ರಿ?”

“ನನ್ನ ಮಿಷನ್ನಿಗೆ ಮುರಿದ ಸೂಜಿ ಬಿದ್ರೆ ಸಾಕು, ಸುಮ್ನೆ ನಿಂತುಬಿಡುತ್ತೆ. ಅದೂ ಹಾಗೇ ನಿಲ್ಲುತ್ತೆ ಅಂದ್ಕೊಂಡೆ.”

“ದಾರ ಯಾಕೆ ಕಟ್ಟಿದ್ರಿ?”

“ಭಾನುವಾರ ಕಳೆದ ಮೇಲೆ ಎಳೆದು ತೆಗೀಬೇಕಲ್ಲ. ಅವನ ಗಾಡಿ ಹಾಳಾಗಬಾರದು.”

ಹೊರಗೆ ನಿಂತಿದ್ದ ಮೆಕ್ಯಾನಿಕ್ ನಿಟ್ಟುಸಿರು ಬಿಟ್ಟ. ಅಂಗಡಿಯ ಮಾನ ಉಳಿಯಿತು.

ದೂರು ದಾಖಲಾಗಿತ್ತು, ತಪ್ಪೊಪ್ಪಿಗೆಯೂ ಆಗಿತ್ತು. ಇನ್‌ಸ್ಪೆಕ್ಟರ್ ಒಲ್ಲದ ಮನಸ್ಸಿನಿಂದ ಬಂಧನ ತೋರಿಸಿದರು. ಟೈಲರಕ್ಕ ಮಿಷನ್ನಿಗೆ ಬಟ್ಟೆ ಹೊದಿಸಿ, ಒಂದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೊರಟಳು. ಠಾಣೆಯ ಬೆಂಚಿನ ಮೇಲೆ ಕೂತು ಇನ್‌ಸ್ಪೆಕ್ಟರರ ಹುಕ್ಕನ್ನು ಮೊದಲು ಸರಿಮಾಡಿದಳು. ಆಮೇಲೆ ಠಾಣೆಯಲ್ಲೇ ಜಾಮೀನು ಕೊಟ್ಟರು. ಜಾಮೀನಿಗೆ ನಿಂತವನು ದೂರುದಾರನೇ.

“ಕಾರಣ ಏನಂತ ಬರೀಲಿ ಸಾರ್?” ಪೇದೆ ಕೇಳಿದ.

ಇನ್‌ಸ್ಪೆಕ್ಟರ್ ಬೆಂಚಿನ ಕಡೆ ನೋಡಿದರು. ಹೋದ ಸಲ ತಮ್ಮನ ಭುಜಕ್ಕೆ ಪಟ್ಟಿ ಬಿದ್ದಾಗ, ಅವನು ತೋಳೆತ್ತದೆ ತೊಡಲೆಂದು ಅವನ ಅಂಗಿಗಳ ಒಂದು ಪಕ್ಕೆಯನ್ನೆಲ್ಲ ಬಿಚ್ಚಿ ಹುಕ್ಕು ಹಾಕಿದವಳು ಈಕೆ. ಐದೂ ಆ ಅಂಗಿಗಳಿಂದ ಬಿಚ್ಚಿದವೇ ಎಂದು ಅವಳು ಜೀಪಿನಲ್ಲಿ ಬರುವಾಗಲೇ ಹೇಳಿದ್ದಳು. ಮತ್ತೊಮ್ಮೆ ಆ ಹುಕ್ಕುಗಳನ್ನು ಅವನ ಅಂಗಿಗೆ ಹೊಲಿಯುವ ಧೈರ್ಯ ಅವಳಿಗಿರಲಿಲ್ಲ.

ರುಜು ಹಾಕಿದ ತಮ್ಮ ಅಕ್ಕನ ಕಡೆ ತಿರುಗಿದ. “ಹೋಗಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಕ್ಕ.”

“ಹೇಳ್ದೆ ಕಣೋ. ನೀನು ಹೆಲ್ಮೆಟ್ ಹಾಕ್ಕೊಂಡಿದ್ದೆ.”

ಭಾನುವಾರ ಅವನು ಶೆಡ್ಡಿನ ಬೀಗ ತೆಗೆಯಲಿಲ್ಲ.