ಹೆಗಲ ಮೇಲಿನ ಕೈ

"ಇದನ್ನ ನಾನು ಬರೆದಿಲ್ಲ."

ಅಕ್ಕ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದಳು. 

"ಯಾವುದನ್ನ?" ಎಂದೆ.

"ಇದನ್ನ. ಇದರ ಕೆಳಗಿರೋದನ್ನ. ಒಂದು ವರ್ಷದಿಂದ ಬಂದಿರೋ ಒಂದನ್ನೂ ಬರೆದಿಲ್ಲ."

ತೆರೆಯ ಮೇಲಿದ್ದದ್ದು ಪ್ರೋಗ್ರಾಮ್ ಬರೆಯುವವರು ಒಬ್ಬರಿಗೊಬ್ಬರು ಪ್ರಶ್ನೆ ಕೇಳುವ ಜಾಲತಾಣ. ಅಲ್ಲಿ ಅಕ್ಕನ ಹೆಸರು ಮೊಂಡುಪೆನ್ಸಿಲ್. ಮೊದಲ ಕೆಲಸದ ದಿನಗಳಲ್ಲಿ ಇಟ್ಟುಕೊಂಡ ಹೆಸರು. ಕೋಡ್ ಓಡುತ್ತಿಲ್ಲವೆಂದು ಯಾರಾದರೂ ಹೊಸಬರು ಅಳುಮೋರೆ ಹಾಕಿಕೊಂಡು ಬಂದರೆ ಮೊಂಡುಪೆನ್ಸಿಲ್ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿ ಕಳಿಸುತ್ತದೆ ಎಂಬ ಖ್ಯಾತಿ ಅದಕ್ಕಿತ್ತು.

ಆ ಖ್ಯಾತಿ ಕೇಳಿಯೇ ಒಂದು ದೊಡ್ಡ ಕಂಪನಿ ಅವಳನ್ನು ಕರೆದಿತ್ತು. ಹೊಸಬರಿಗೆ ಕಲಿಸುವ ವಿಭಾಗಕ್ಕೆ ಮುಖ್ಯಸ್ಥೆಯಾಗಿ. ಹಿಂದಿನ ಕೆಲಸ ಹೋದಮೇಲೆ ಬಂದ ಮೊದಲ ಕರೆ ಅದು. ಇವತ್ತು ಸಂಜೆ ವಿಡಿಯೊದಲ್ಲಿ ಕೊನೆಯ ಮಾತುಕತೆ. "ನಿಮ್ಮ ಈಚಿನ ಉತ್ತರಗಳಿಗೆ ಮಾರುಹೋದೆವು" ಎಂದು ಅವರು ಬರೆದಿದ್ದರು. ಯಾವ ಉತ್ತರಗಳಪ್ಪಾ ಎಂದು ಇವಳು ನೋಡಲು ಹೋದರೆ — ಇದು!

"ಕಳ್ಳ ಬಂದು ಮನೆ ಗುಡಿಸಿ, ರಂಗೋಲಿ ಹಾಕಿ ಹೋದ ಹಾಗಾಯ್ತು" ಎಂದರು ಅತ್ತಿಗೆ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದೇ ಅವರ ಉದ್ಯೋಗ. ಅಣ್ಣನ ಪ್ರಕಾರ ಮನೆಯಲ್ಲೂ.

"ವರ್ಷದಿಂದ ನಿನಗೆ ಗೊತ್ತೇ ಆಗ್ಲಿಲ್ವಾ?"

"ಎಲ್ಲಿ ಪುರುಸೊತ್ತು ಅತ್ತಿಗೆ? ದಿನಾ ವಿಡಿಯೊ, ದಿನಾ ಫೋಟೋ. ಮೊಂಡುಪೆನ್ಸಿಲ್ ಬ್ರ್ಯಾಂಡ್ ಕಟ್ಟೋ ಭರದಲ್ಲಿ ಮೊಂಡುಪೆನ್ಸಿಲ್ ಕಡೆ ತಿರುಗೇ ನೋಡ್ಲಿಲ್ಲ."

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಭಾವ, ಹಲ್ಲಿನ ಡಾಕ್ಟರು. ಇನ್ನೊಬ್ಬ ಅಕ್ಕನ ಬ್ರ್ಯಾಂಡ್ ಸಲಹೆಗಾರ. ಅವನು ಕಿಟಕಿಯ ಬಳಿ ನಿಂತು ಪದೇಪದೇ ಫೋನ್ ನೋಡಿಕೊಳ್ಳುತ್ತಿದ್ದ. ನಾನು ಅದನ್ನು ಗಮನಿಸಿದೆ. ಎಲ್ಲವನ್ನೂ ಗಮನಿಸಿ ಹೆದರುವುದು ನನ್ನ ಹುಟ್ಟುಗುಣ.

"ಡಾಕ್ಟ್ರೇ, ಪಾಸ್‌ವರ್ಡ್ ನಿಮಗೆ ಗೊತ್ತಾ?" ಎಂದು ಅತ್ತಿಗೆ ಭಾವನನ್ನು ಕೇಳಿದರು.

"ಗೊತ್ತು. ಆದ್ರೆ ಕೋಡ್ ನನಗೆ ಕಬ್ಬಿಣದ ಕಡಲೆ. ಹಲ್ಲು ಮುರಿಯೋ ಕೆಲಸ ನಾನು ಮಾಡಲ್ಲ."

"ನಿಮಗೆ?"

ಸಲಹೆಗಾರ ಬೆಚ್ಚಿದ. "ನಾನಾ? ನನ್ನ ಮೇಲೇ ಅನುಮಾನಾನಾ? ಅವರ ಕಾಮೆಂಟ್‌ಗಳಿಗೆ ಉತ್ತರ ಕೊಡೋದು ನಾನೇ, ಒಪ್ಕೋತೀನಿ. ಅದು ಬ್ರ್ಯಾಂಡ್‌ಗೋಸ್ಕರ. ಆದ್ರೆ ಇದು — ಇಷ್ಟುದ್ದ, ಇಷ್ಟು ತಾಳ್ಮೆ — ಖಂಡಿತ ನನ್ನದಲ್ಲ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ? ಬರೀ ಕೇಳಿದೆ."

ಅಷ್ಟು ಹೇಳಿ ಅತ್ತಿಗೆ ತೆರೆಯ ಕಡೆ ತಿರುಗಿದರು. ಅವರ ಕಣ್ಣು ಅಲ್ಲೇ ತೆರೆದಿದ್ದ ಅಕ್ಕನ ಸ್ವಂತ ಜಾಲತಾಣದ ಮುಖಪುಟದ ಮೇಲೆ ನಿಂತಿತ್ತು. ಅಲ್ಲಿ ಅಕ್ಕನ ಹಳೆಯ ಫೋಟೋ. ಮೊದಲ ಆಫೀಸಿನದು. ಡಬ್ಬದಂಥ ಮಾನಿಟರ್ ಮುಂದೆ, ಎರಡು ಜಡೆ ಹಾಕಿಕೊಂಡು ನಗುತ್ತಿದ್ದಾಳೆ. ಕೆಳಗೆ "ಒಂಟಿಯಾಗಿ ಶುರುವಾದ ಪಯಣ" ಎಂಬ ಸಾಲು.

"ಈ ಕೈ ಯಾರದು?"

ನಾವೆಲ್ಲ ಬಗ್ಗಿ ನೋಡಿದೆವು. ಅಕ್ಕನ ಹೆಗಲ ಮೇಲೆ ಒಂದು ಕೈ. ಮಣಿಕಟ್ಟಿನಿಂದಾಚೆಗೆ ಏನೂ ಇಲ್ಲ.

"ಚೌಕಟ್ಟಿಗೆ ಸರಿಹೋಗ್ಲಿ ಅಂತ ಕತ್ತರಿಸಿದ್ದು" ಎಂದ ಸಲಹೆಗಾರ. "ಬ್ರ್ಯಾಂಡ್ ಅಂದ್ರೆ ಒಂದೇ ಮುಖ ಇರ್ಬೇಕು."

"ಪೂರ್ತಿ ಫೋಟೋ ಎಲ್ಲಿದೆ?"

ಅಕ್ಕ ಕಪಾಟಿನಿಂದ ತಂದಳು. ಬಣ್ಣ ಮಾಸಿತ್ತು. ಒಂದೇ ಕುರ್ಚಿಯಲ್ಲಿ ಇಬ್ಬರು ಹುಡುಗಿಯರು ಇಕ್ಕಟ್ಟಾಗಿ ಕೂತಿದ್ದರು. ಎರಡನೆಯವಳಿಗೆ ಗೇಣುದ್ದವೂ ಇಲ್ಲದ ಜಡೆ.

"ಮೋಟುಜಡೆ" ಎಂದಳು ಅಕ್ಕ. ದನಿ ಬದಲಾಗಿತ್ತು. "ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್, ಒಂದೇ ಕುರ್ಚಿ, ಒಂದು ಮೊಂಡು ಪೆನ್ಸಿಲ್. ಮಧ್ಯಾಹ್ನ ಫ್ಯಾನ್ ನಿಂತ್ರೆ ಫೈಲಲ್ಲಿ ಗಾಳಿ ಹಾಕ್ಕೊಳ್ತಾ, ಒಬ್ಬಳು ಓದ್ತಿದ್ಲು, ಒಬ್ಬಳು ಟೈಪ್ ಮಾಡ್ತಿದ್ಲು. ಅವಳಿ ಮಕ್ಕಳಾದ ಮೇಲೆ ಅವಳು ಕೆಲಸ ಬಿಟ್ಟಳು. ಆಮೇಲೆ... ಹಾಗೇ."

ಅತ್ತಿಗೆ ಫೋಟೋವನ್ನು ಬೆಳಕಿಗೆ ಹಿಡಿದರು. "ಈ ಕೀಬೋರ್ಡಿನ ಒಂದು ಹಲ್ಲು ಬಿದ್ದಿದೆಯಲ್ಲ?"

"ಟ್ಯಾಬ್ ಕೀ. ನಾವು ಸೇರೋ ಮೊದಲೇ ಬಿದ್ದಿತ್ತು. ಕೊನೇವರೆಗೂ ಯಾರೂ ಹಾಕಿಸ್ಲಿಲ್ಲ."

"ಹಾಗಾದ್ರೆ ಕಳ್ಳಿ ಸಿಕ್ಕಳು" ಎಂದರು ಅತ್ತಿಗೆ.

ಸಲಹೆಗಾರ ಫೋನನ್ನು ಜೇಬಿಗಿಟ್ಟ.

"ನೋಡಿ" ಎಂದರು ಅತ್ತಿಗೆ. "ಕೋಡ್ ಬರೆಯುವಾಗ ಒಳಗಿನ ಸಾಲುಗಳನ್ನ ಸ್ವಲ್ಪ ಬಲಕ್ಕೆ ಸರಿಸಿ ಬರೀಬೇಕು. ಕೆಲವರು ಎರಡು ಅಕ್ಷರದಷ್ಟು ಜಾಗ ಬಿಡ್ತಾರೆ, ಉಳಿದವರು ನಾಲ್ಕು. ಈ ಉತ್ತರಗಳಲ್ಲಿ ಎಲ್ಲಾ ಕಡೆ ಮೂರು! ನಿನ್ನ ಹಳೇ ಉತ್ತರಗಳಲ್ಲೂ ಮೂರೇ. ಮೊದಲು ನೀನೇ ಬರೆದು ಮರೆತಿದ್ದೀಯ ಅಂದ್ಕೊಂಡೆ. ಆದ್ರೆ ಈ ವರ್ಷ ನೀನೇ ಹಾಕಿರೋ ವಿಡಿಯೊಗಳಲ್ಲಿ ನಾಲ್ಕು. ಹೊಸ ಯಂತ್ರ ನಿನ್ನ ಅಭ್ಯಾಸ ತಿದ್ದಿಬಿಟ್ಟಿದೆ. ಮೂರು ಯಾಕೆ ಅಂತ ನೀನೇ ಹೇಳು."

ಅಕ್ಕ ಫೋಟೋವನ್ನು ಈಸಿಕೊಂಡಳು. "ಸಾಲನ್ನ ಒಂದೇ ಏಟಿಗೆ ಸರಿಸೋ ಟ್ಯಾಬ್ ಇರ್ಲಿಲ್ಲ. ಸ್ಪೇಸ್ ಬಾರ್ ಕುಟ್ಟಬೇಕಿತ್ತು. ಎರಡು ಜಿಪುಣತನ, ನಾಲ್ಕು ದುಂದು, ಮೂರಿರ್ಲಿ ಕಣೇ ಅಂತ ಅವಳೇ ತೀರ್ಮಾನ ಮಾಡಿದ್ದು."

"ಆ ಕುರ್ಚಿಯಲ್ಲಿ ಕೂತು ಕಲಿತವರು ಇಬ್ಬರೇ. ಒಬ್ಬಳು ಇಲ್ಲಿದ್ದಾಳೆ."

"ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗ್ತಾನೇ ಇರುತ್ತೆ" ಎಂದರು ಭಾವ, ಮೆಲ್ಲಗೆ. 

ಅಕ್ಕ ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು.

"ಏನೇ, ಮೋಟುಜಡೆ."

 ಆ ಕಡೆಯಿಂದ ನಗು. "ಸಿಕ್ಕಿಬಿದ್ದೆ ಅನ್ನು! ಪಾಸ್‌ವರ್ಡ್ ಇನ್ನೂ ಆಗ ನಾವಿಬ್ರೂ ಇಟ್ಟಿದ್ದನ್ನೇ ಇಟ್ಟಿದ್ದೀಯಲ್ಲೇ ದಡ್ಡಿ. ನಮ್ಮ ಹಳೇ ಉತ್ತರಗಳನ್ನ ಓದೋಣ ಅಂತ ಬಂದೆ. ನೋಡಿದ್ರೆ ಬಾಗಿಲಲ್ಲಿ ಹುಡುಗರು ಕಾಯ್ತಾ ನಿಂತಿದ್ರು, ಒಳಗೆ ಯಾರೂ ಇಲ್ಲ. ನಾವೂ ಹಾಗೇ ನಿಂತಿದ್ದವರಲ್ವೇನೇ?"

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನಿನ್ನ ವಿಡಿಯೊ ಕೆಳಗೆ ಬರೆದಿದ್ದೆ. 'ಧನ್ಯವಾದಗಳು, ಅಭಿಮಾನಿಯೇ' ಅಂತ ಉತ್ತರ ಬಂತು."

ಸಲಹೆಗಾರ ಕೆಮ್ಮಿದ.

"ಸಂಜೆ ಏನು ಹೇಳ್ತೀಯ?" ಎಂದು ನಾನು ಅಕ್ಕನನ್ನು ಕೇಳಿದೆ. ಕೇಳಲು ನನಗೇ ಭಯ. ಸುಮ್ಮನಿದ್ದರೆ ಕೆಲಸ ಸಿಗುತ್ತದೆ. ಮೋಟುಜಡೆ ಬಾಯಿ ಬಿಡುವವಳಲ್ಲ.  ಅಕ್ಕ ಮುಖಪುಟದ ಫೋಟೋ ತೆಗೆದು ಪೂರ್ತಿ ಫೋಟೋ ಹಾಕಿದಳು. ಕೆಳಗಿದ್ದ ಸಾಲನ್ನೂ ಅಳಿಸಿದಳು.

ಸಂಜೆ ತೆರೆಯ ಮೇಲೆ ಬಂದ ಹೆಂಗಸಿಗೆ ಮೊದಲ ಮಾತೇ ಅದು: "ನಿಮಗೆ ಹಿಡಿಸಿದ ಉತ್ತರಗಳು ನನ್ನವಲ್ಲ. ನನ್ನ ಗೆಳತಿಯವು."

ಆಕೆ ನೇರವಾಗಿ ಕೇಳಿದರು: "ಹಾಗಾದರೆ ನಮಗೆ ಬೇಕಾಗಿರೋದು ಅವರು. ಅಲ್ವಾ?"

ಅಕ್ಕ ತಲೆಯಾಡಿಸಿದಳು. "ಹೌದು. ಅವಳ ನಂಬರ್ ಕೊಡ್ತೀನಿ."

ಕರೆ ಮುಗಿದ ಮೇಲೆ ಮತ್ತೆ ಗೆಳತಿಗೆ ಫೋನ್ ಮಾಡಿದಳು. ದನಿಯನ್ನು ಗಟ್ಟಿಮಾಡಿಕೊಂಡು ಹೇಳಿದಳು: "ನಿನ್ನನ್ನೇ ಕೇಳ್ತಿದ್ದಾರೆ ಕಣೇ. ಇರೋದು ಒಂದೇ ಕುರ್ಚಿ."

"ಅದಕ್ಯಾಕೆ ಅಷ್ಟು ಸಪ್ಪೆ ದನಿ?" ಎಂದಳು ಮೋಟುಜಡೆ. "ಆಗ ಎಷ್ಟು ಕುರ್ಚಿ ಇತ್ತೇ ನಮಗೆ?"